ಸ್ಟಾರ್ಟಪ್‌ಗೆ ಮೊದಲ ಗ್ರಾಹಕರು ಸಿಗುವುದೆಲ್ಲಿ? ಆನ್‌ಲೈನ್ ಚರ್ಚೆಗಳಿಂದ ವ್ಯಾಪಾರ ಕಟ್ಟುವ ಬಗೆ, ಪಾಲಿಸಬೇಕಾದ ನಿಯಮಗಳು

ಆ್ಯಪ್ ಸಿದ್ಧವಾಗಿದೆ, ಕಂಪನಿಯ ನೋಂದಣಿ ಮುಗಿದಿದೆ, ವೆಬ್‌ಸೈಟ್ ಕೂಡ ಇದೆ. ಕೊಳ್ಳುವವರು ಮಾತ್ರ ಇಲ್ಲ. ಹೊಸ ಉದ್ಯಮಕ್ಕೆ ಕೈಹಾಕಿದ ಬಹಳಷ್ಟು ಮಂದಿ ಮೊದಲ ಕೆಲವು ತಿಂಗಳು ಎದುರಿಸುವ ಸ್ಥಿತಿ ಇದು. ಕೈಯಲ್ಲಿರುವ ಉಳಿತಾಯ ಕರಗುವ ಮೊದಲು ಗ್ರಾಹಕರು ಸಿಕ್ಕರೆ ಉದ್ಯಮ ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕಬೇಕಾಗುತ್ತದೆ.

ಕೇಂದ್ರ ಸರ್ಕಾರ 2016ರ ಜನವರಿ 16ರಂದು ಸ್ಟಾರ್ಟಪ್ ಇಂಡಿಯಾ ಯೋಜನೆ ಆರಂಭಿಸಿದ ಮೇಲೆ ದೇಶದಲ್ಲಿ ಮಾನ್ಯತೆ ಪಡೆದ ಸ್ಟಾರ್ಟಪ್‌ಗಳ ಸಂಖ್ಯೆ 1.5 ಲಕ್ಷ ದಾಟಿದೆ. ಆದರೆ ಇವೆಲ್ಲವೂ ಗೆಲ್ಲುವುದಿಲ್ಲ. ಅಮೆರಿಕದ ಸಿಬಿ ಇನ್‌ಸೈಟ್ಸ್ ಸಂಸ್ಥೆ 2014ರಲ್ಲಿ 101 ವಿಫಲ ಸ್ಟಾರ್ಟಪ್‌ಗಳ ಕಥೆಗಳನ್ನು ಪರಿಶೀಲಿಸಿತ್ತು. ಅವುಗಳಲ್ಲಿ ಶೇ. 42ರಷ್ಟು ಕಂಪನಿಗಳು ಕೊಟ್ಟ ಕಾರಣ ಒಂದೇ: ತಾವು ಮಾಡಿದ ವಸ್ತು ಮಾರುಕಟ್ಟೆಗೆ ಬೇಕಿರಲಿಲ್ಲ.

ಅಂದರೆ ಗ್ರಾಹಕರನ್ನು ಹುಡುಕುವುದು ಮತ್ತು ಅವರಿಗೆ ಏನು ಬೇಕೆಂದು ತಿಳಿಯುವುದು ಬೇರೆ ಬೇರೆ ಕೆಲಸಗಳಲ್ಲ. ಇವೆರಡನ್ನೂ ಒಟ್ಟಿಗೆ ಮಾಡಲು ಸಿಗುವ ಅಗ್ಗದ ದಾರಿಗಳಲ್ಲಿ ಒಂದು, ಜನ ಈಗಾಗಲೇ ತಮ್ಮ ಕಷ್ಟ ಹೇಳಿಕೊಳ್ಳುತ್ತಿರುವ ಆನ್‌ಲೈನ್ ಚರ್ಚೆಗಳಿಗೆ ಹೋಗಿ ಉತ್ತರ ಕೊಡುವುದು. ಈ ದಾರಿ ಯಾರಿಗೆ ಫಲ ಕೊಟ್ಟಿದೆ, ಎಲ್ಲಿ ಎಡವುತ್ತದೆ, ಕಾನೂನು ಏನು ಹೇಳುತ್ತದೆ ಎಂಬ ವಿವರ ಇಲ್ಲಿದೆ.

ಒಂದು ಕಾಮೆಂಟಿನಿಂದ ಹುಟ್ಟಿದ ಚೆನ್ನೈ ಕಂಪನಿ

ಭಾರತದಲ್ಲಿ ಇದಕ್ಕೆ ಎದ್ದು ಕಾಣುವ ಉದಾಹರಣೆ ಫ್ರೆಶ್‌ಡೆಸ್ಕ್, ಅಂದರೆ ಇಂದಿನ ಫ್ರೆಶ್‌ವರ್ಕ್ಸ್. ಇದರ ಸ್ಥಾಪಕ ಗಿರೀಶ್ ಮಾತೃಭೂತಂ ಆಗ ಚೆನ್ನೈನ ಜೋಹೊ ಕಂಪನಿಯಲ್ಲಿದ್ದರು. ಅಮೆರಿಕದ ಟೆಕ್ಸಾಸ್‌ನಿಂದ ಚೆನ್ನೈಗೆ ಮನೆ ಸಾಮಾನು ಸಾಗಿಸುವಾಗ ಅವರ ಟಿವಿ ಒಡೆದುಹೋಗಿತ್ತು. ಪರಿಹಾರಕ್ಕಾಗಿ ತಿಂಗಳುಗಟ್ಟಲೆ ಫೋನ್, ಇಮೇಲ್ ಮಾಡಿದರೂ ಸಾಗಣೆ ಕಂಪನಿ ಸ್ಪಂದಿಸಲಿಲ್ಲ. ಕೊನೆಗೆ ವಿದೇಶದಿಂದ ಭಾರತಕ್ಕೆ ಮರಳುವವರು ಸೇರುವ ಆನ್‌ಲೈನ್ ವೇದಿಕೆಯೊಂದರಲ್ಲಿ ಅವರು ನಡೆದದ್ದನ್ನೆಲ್ಲ ಬರೆದರು. ಆ ಕಂಪನಿಯ ಗ್ರಾಹಕರಾಗಬಲ್ಲವರೆಲ್ಲ ಅಲ್ಲೇ ಓದುತ್ತಿದ್ದರು. ಕಂಪನಿಯ ಮುಖ್ಯಸ್ಥರೇ ಬಂದು ಕ್ಷಮೆ ಕೇಳಿದರು, ಹಣವೂ ಬಂತು.

2010ರಲ್ಲಿ ಗ್ರಾಹಕ ಸೇವೆಯ ತಂತ್ರಾಂಶ ಮಾರುವ ಜೆನ್‌ಡೆಸ್ಕ್ ಕಂಪನಿ ದರ ಏರಿಸಿತು. ಹ್ಯಾಕರ್ ನ್ಯೂಸ್ ಎಂಬ ಚರ್ಚಾತಾಣದಲ್ಲಿ ಬಳಕೆದಾರರು ಸಿಟ್ಟಿನಿಂದ ಬರೆದರು. ಸರಿಯಾದ ಬೆಲೆಗೆ ಒಳ್ಳೆಯ ತಂತ್ರಾಂಶ ಮಾಡಿಕೊಡುವವರಿಗೆ ಇಲ್ಲಿ ಅವಕಾಶವಿದೆ ಎಂಬರ್ಥದ ಕಾಮೆಂಟ್ ಒಂದು ಗಿರೀಶ್ ಕಣ್ಣಿಗೆ ಬಿತ್ತು. ಅದೇ ವರ್ಷ ಅವರು ಕೆಲಸ ಬಿಟ್ಟು, ಶಾನ್ ಕೃಷ್ಣಸಾಮಿ ಜತೆ ಸೇರಿ ಫ್ರೆಶ್‌ಡೆಸ್ಕ್ ಕಟ್ಟಿದರು. 2011ರಲ್ಲಿ ತಂತ್ರಾಂಶ ಮಾರುಕಟ್ಟೆಗೆ ಬಂದಾಗ ಮೊದಲ ಗ್ರಾಹಕರಾಗಿ ಸಿಕ್ಕಿದ್ದು ಆಸ್ಟ್ರೇಲಿಯಾದ ಒಂದು ಕಾಲೇಜು. 2021ರ ಸೆಪ್ಟೆಂಬರ್‌ನಲ್ಲಿ ಕಂಪನಿಯ ಷೇರು ಅಮೆರಿಕದ ನಾಸ್ಡಾಕ್ ಷೇರುಪೇಟೆಯಲ್ಲಿ ನೋಂದಣಿಯಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಗಿರೀಶ್ ಆ ಚರ್ಚೆಗೆ ಮಾರಲು ಹೋದವರಲ್ಲ, ಓದಲು ಹೋದವರು. ಯಾರಿಗೆ ಏನು ಬೇಕು, ಯಾವ ಬೆಲೆಗೆ ಬೇಕು ಎಂಬುದನ್ನು ಜನ ತಾವಾಗಿಯೇ ಅಲ್ಲಿ ಬರೆದಿಟ್ಟಿದ್ದರು.

ಫ್ಲಿಪ್‌ಕಾರ್ಟ್‌ನ ಮೊದಲ ಆರ್ಡರ್

2007ರ ಅಕ್ಟೋಬರ್‌ನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಆರಂಭಿಸಿದಾಗ ಅದು ಪುಸ್ತಕ ಮಾರುವ ತಾಣ. ಇಬ್ಬರೂ ಗಂಗಾರಾಮ್ಸ್ ಪುಸ್ತಕ ಮಳಿಗೆಯ ಹೊರಗೆ ನಿಂತು, ಪುಸ್ತಕ ಕೊಂಡು ಬರುವವರ ಕೈಗೆ ತಮ್ಮ ತಾಣದ ಹೆಸರಿದ್ದ ಬುಕ್‌ಮಾರ್ಕ್ ಚೀಟಿ ಕೊಡುತ್ತಿದ್ದರು. ಜತೆಗೆ ಆನ್‌ಲೈನ್‌ನಲ್ಲಿ ಪುಸ್ತಕಗಳ ಬಗ್ಗೆ ಬರೆಯುವವರ ಬಳಿಗೂ ಹೋದರು.

ಮೊದಲ ಆರ್ಡರ್ ಬಂದದ್ದು ಅಂದಿನ ಆಂಧ್ರಪ್ರದೇಶದ ಓದುಗರೊಬ್ಬರಿಂದ. ಅವರ ಬ್ಲಾಗಿನಲ್ಲಿ ಸಚಿನ್ ಬರೆದಿದ್ದ ಪ್ರತಿಕ್ರಿಯೆಯ ಲಿಂಕ್ ಹಿಡಿದು ಅವರು ಫ್ಲಿಪ್‌ಕಾರ್ಟ್‌ಗೆ ಬಂದಿದ್ದರು. ಕೇಳಿದ ಪುಸ್ತಕ ಜಾನ್ ವುಡ್ ಬರೆದ ‘ಲೀವಿಂಗ್ ಮೈಕ್ರೋಸಾಫ್ಟ್ ಟು ಚೇಂಜ್ ದ ವರ್ಲ್ಡ್’. ಅದು ಸುಲಭವಾಗಿ ಸಿಗಲಿಲ್ಲ. ಸ್ಥಾಪಕರು ಬೆಂಗಳೂರಿನ ಅಂಗಡಿಗಳನ್ನು ಸುತ್ತಿ, ಪುಸ್ತಕ ಹುಡುಕಿ ಕಳುಹಿಸಿಕೊಟ್ಟರು. 2018ರಲ್ಲಿ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರ್ ಕೊಟ್ಟು ಇದೇ ಕಂಪನಿಯ ಶೇ. 77ರಷ್ಟು ಪಾಲು ಖರೀದಿಸಿತು.

ಜಾಹೀರಾತು ಕೊಟ್ಟರೆ ಆಗದೇ?

ದೊಡ್ಡ ಕಂಪನಿಗೆ ಆಗಬಹುದು. ಹೆಸರೇ ಗೊತ್ತಿಲ್ಲದ ಹೊಸ ಕಂಪನಿಗೆ ಲೆಕ್ಕ ಹೊಂದುವುದು ಕಷ್ಟ. ಕಡತಗಳನ್ನು ಆನ್‌ಲೈನ್‌ನಲ್ಲಿ ಇಡುವ ಡ್ರಾಪ್‌ಬಾಕ್ಸ್ ಸೇವೆಯ ಅನುಭವ ಇದಕ್ಕೆ ಸಾಕ್ಷಿ. ವರ್ಷಕ್ಕೆ 99 ಡಾಲರ್ ಬೆಲೆಯ ಸೇವೆಯನ್ನು ಗೂಗಲ್ ಜಾಹೀರಾತಿನ ಮೂಲಕ ಮಾರಲು ಹೋದಾಗ ಒಬ್ಬ ಗ್ರಾಹಕರನ್ನು ತರಲು 233ರಿಂದ 388 ಡಾಲರ್ ವೆಚ್ಚವಾಗುತ್ತಿತ್ತು ಎಂದು ಸ್ಥಾಪಕ ಡ್ರೂ ಹ್ಯೂಸ್ಟನ್ ನಂತರ ತಿಳಿಸಿದ್ದಾರೆ.

ಅದೇ ಹ್ಯೂಸ್ಟನ್ 2007ರ ಏಪ್ರಿಲ್‌ನಲ್ಲಿ ಹ್ಯಾಕರ್ ನ್ಯೂಸ್‌ನಲ್ಲಿ ತಮ್ಮ ಕೆಲಸದ ವಿಡಿಯೊ ಹಾಕಿ ಅಭಿಪ್ರಾಯ ಕೇಳಿದ್ದರು. ಇದನ್ನು ತಾನೇ ಮಾಡಿಕೊಳ್ಳಬಹುದಲ್ಲ ಎಂದು ಕುಟುಕಿದವರೂ ಇದ್ದರು. 2008ರ ಮಾರ್ಚ್‌ನಲ್ಲಿ ಡಿಗ್ ಎಂಬ ತಾಣದ ಓದುಗರಿಗೆಂದೇ, ಅವರಿಗಷ್ಟೇ ಅರ್ಥವಾಗುವ ತಮಾಷೆಗಳನ್ನು ಸೇರಿಸಿ ಇನ್ನೊಂದು ವಿಡಿಯೊ ಮಾಡಿದರು. ಕಾಯುವವರ ಪಟ್ಟಿ ಒಂದೇ ರಾತ್ರಿಯಲ್ಲಿ 5 ಸಾವಿರದಿಂದ 75 ಸಾವಿರಕ್ಕೆ ಏರಿತು.

ಬೆಂಗಳೂರಿನ ಷೇರು ಬ್ರೋಕರ್ ಕಂಪನಿ ಜೆರೋಧಾ ಕೂಡ ಜಾಹೀರಾತಿನ ಆಸರೆಯಿಲ್ಲದೆ ಬೆಳೆದದ್ದು. ಕಾಮತ್ ಸಹೋದರರು 2010ರ ಆಗಸ್ಟ್ 15ರಂದು ಆರಂಭಿಸಿದ ಈ ಕಂಪನಿ ‘ಟ್ರೇಡಿಂಗ್ ಕ್ಯೂ ಅಂಡ್ ಎ’ ಎಂಬ ಪ್ರಶ್ನೋತ್ತರ ವೇದಿಕೆಯನ್ನೂ, ‘ವಾರ್ಸಿಟಿ’ ಎಂಬ ಉಚಿತ ಪಾಠಮಾಲೆಯನ್ನೂ ನಡೆಸುತ್ತಿದೆ. ಹೂಡಿಕೆದಾರರ ಪ್ರಶ್ನೆಗೆ ಉತ್ತರ ಕೊಡುವುದೇ ಅಲ್ಲಿ ಪ್ರಚಾರದ ಕೆಲಸವನ್ನೂ ಮಾಡಿದೆ.

ತಪ್ಪು ದಾರಿ: 1994ರ ಪಾಠ

ಚರ್ಚೆಗಳನ್ನು ವ್ಯಾಪಾರಕ್ಕೆ ಬಳಸುವ ಆಸೆ ಹೊಸದಲ್ಲ. ವೆಬ್ ಇನ್ನೂ ಜನಪ್ರಿಯವಾಗಿರದ ಕಾಲದಲ್ಲಿ ಯೂಸ್‌ನೆಟ್ ಎಂಬ ಚರ್ಚಾಜಾಲವಿತ್ತು. 1994ರ ಏಪ್ರಿಲ್ 12ರಂದು ಅಮೆರಿಕದ ಅರಿಜೋನಾದ ವಕೀಲ ದಂಪತಿ ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ಥಾ ಸೀಗಲ್, ಗ್ರೀನ್ ಕಾರ್ಡ್ ಲಾಟರಿಗೆ ಅರ್ಜಿ ಹಾಕಿಸುವ ತಮ್ಮ ಸೇವೆಯ ಜಾಹೀರಾತನ್ನು ಯೂಸ್‌ನೆಟ್‌ನ ಸಾವಿರಾರು ಗುಂಪುಗಳಲ್ಲಿ ಒಂದೇ ಬಾರಿಗೆ ಹಾಕಿದರು. ತೋಟಗಾರಿಕೆ, ಸಂಗೀತ, ಗಣಿತ ಎನ್ನದೆ ಎಲ್ಲ ಗುಂಪುಗಳಲ್ಲೂ ಅದೇ ಸಂದೇಶ.

ಓದುಗರ ಸಿಟ್ಟು ಎಷ್ಟಿತ್ತೆಂದರೆ, ಬಂದ ದೂರಿನ ಇಮೇಲ್‌ಗಳ ಹೊರೆಗೆ ಅವರಿಗೆ ಇಂಟರ್ನೆಟ್ ಸೇವೆ ಒದಗಿಸುತ್ತಿದ್ದ ಕಂಪನಿಯ ಯಂತ್ರಗಳು ಮತ್ತೆ ಮತ್ತೆ ಕುಸಿದವು, ಅವರ ಖಾತೆ ರದ್ದಾಯಿತು. 1997ರಲ್ಲಿ ಟೆನೆಸಿ ರಾಜ್ಯ ಕ್ಯಾಂಟರ್ ಅವರ ವಕೀಲಿಕೆಯ ಹಕ್ಕನ್ನೇ ಕಿತ್ತುಕೊಂಡಿತು. ಈ ಜಾಹೀರಾತೂ ಅದಕ್ಕೆ ಒಂದು ಕಾರಣವಾಗಿತ್ತು. ವಾಣಿಜ್ಯ ಸ್ಪ್ಯಾಮ್ ಎಂದಾಗ ಇಂದಿಗೂ ಮೊದಲು ನೆನಪಿಗೆ ಬರುವ ಘಟನೆ ಇದು.

ಇಂದಿನ ಚರ್ಚಾತಾಣಗಳ ಕಟ್ಟುನಿಟ್ಟಿನ ಹಿಂದೆ ಇಂಥ ಅನುಭವಗಳಿವೆ. ಸ್ಟ್ಯಾಕ್ ಓವರ್‌ಫ್ಲೋ ತಾಣದಲ್ಲಿ ತಮ್ಮದೇ ಉತ್ಪನ್ನದ ಹೆಸರು ಹೇಳುವವರು ಅದರೊಂದಿಗಿನ ಸಂಬಂಧವನ್ನು ಉತ್ತರದಲ್ಲೇ ತಿಳಿಸಬೇಕು. ರೆಡಿಟ್‌ನಲ್ಲಿ ಹತ್ತು ಬರಹಗಳಲ್ಲಿ ಒಂದಕ್ಕಿಂತ ಹೆಚ್ಚು ಸ್ವಂತ ಪ್ರಚಾರ ಇರಬಾರದು ಎಂಬ ಲೆಕ್ಕ ಬಹುಕಾಲದಿಂದ ರೂಢಿಯಲ್ಲಿದೆ. ಪ್ರತಿ ಗುಂಪಿಗೂ ಅದರದೇ ನಿಯಮಗಳಿರುತ್ತವೆ, ಮಾಡರೇಟರ್‌ಗಳ ತೀರ್ಮಾನವೇ ಕೊನೆಯದು.

ಆರಂಭಿಸುವುದು ಹೇಗೆ?

* ಜಾಗ ಆರಿಸಿ: ಎಲ್ಲ ಕಡೆ ಬರೆಯುವ ಬದಲು ಎರಡು ಮೂರು ಜಾಗ ಸಾಕು. ವಾಹನಗಳಿಗೆ ಟೀಮ್ ಬಿಎಚ್‌ಪಿ, ಪ್ರೋಗ್ರಾಮಿಂಗ್‌ಗೆ ಸ್ಟ್ಯಾಕ್ ಓವರ್‌ಫ್ಲೋ, ಸಾಮಾನ್ಯ ಪ್ರಶ್ನೆಗಳಿಗೆ ಕೋರಾ ಮತ್ತು ರೆಡಿಟ್, ವೃತ್ತಿಪರರಿಗೆ ಲಿಂಕ್ಡ್‌ಇನ್. ಸಣ್ಣ ವ್ಯಾಪಾರಿಗಳು ಹೆಚ್ಚಾಗಿ ಫೇಸ್‌ಬುಕ್, ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಇರುತ್ತಾರೆ.

* ಮೊದಲು ಓದಿ: ಎರಡು ಮೂರು ವಾರ ಏನನ್ನೂ ಮಾರದೆ ಓದಬೇಕು. ಯಾವ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಈಗಿರುವ ಸೇವೆಗಳ ಬಗ್ಗೆ ಏನು ದೂರು, ಜನ ಅದಕ್ಕೆ ಯಾವ ಪದ ಬಳಸುತ್ತಾರೆ ಎಂದು ಗುರುತು ಹಾಕಿಕೊಳ್ಳಬೇಕು. ವೆಬ್‌ಸೈಟಿನಲ್ಲಿ ಬಳಸಬೇಕಾದ ಪದಗಳೂ ಅವೇ.

* ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡಿ: ಲಿಂಕ್ ಒತ್ತದಿದ್ದರೂ ಓದಿದವರ ಕೆಲಸ ಆಗಬೇಕು. ಅರ್ಧ ಹೇಳಿ, ಉಳಿದದ್ದಕ್ಕೆ ನಮ್ಮ ತಾಣಕ್ಕೆ ಬನ್ನಿ ಎನ್ನುವುದನ್ನು ಯಾರೂ ಮೆಚ್ಚುವುದಿಲ್ಲ.

* ಗುರುತು ಮುಚ್ಚಿಡಬೇಡಿ: ಉತ್ಪನ್ನದ ಹೆಸರು ಹೇಳುವಾಗ ಅದು ತಮ್ಮದೇ ಎಂದು ಅದೇ ಸಾಲಿನಲ್ಲಿ ಹೇಳಬೇಕು. ಪ್ರತಿಸ್ಪರ್ಧಿಯ ಸೇವೆ ಕೇಳಿದವರಿಗೆ ಹೆಚ್ಚು ಹೊಂದುವಂತಿದ್ದರೆ ಅದನ್ನೂ ಹೇಳಬಹುದು. ಅಂಥ ಮಾತಿಗೆ ಬೆಲೆ ಹೆಚ್ಚು.

* ಲೆಕ್ಕ ಇಡಿ: ಎಷ್ಟು ಉತ್ತರ ಬರೆದದ್ದು, ಎಷ್ಟು ಮಂದಿ ಮರುಪ್ರಶ್ನೆ ಕೇಳಿದ್ದು, ಎಷ್ಟು ಮಂದಿ ಬಳಸಿ ನೋಡಿದ್ದು, ಎಷ್ಟು ಮಂದಿ ಹಣ ಕೊಟ್ಟದ್ದು ಎಂಬ ನಾಲ್ಕು ಅಂಕಿಗಳು ಸಾಕು. ಮೆಚ್ಚುಗೆಯ ಸಂಖ್ಯೆ ಗ್ರಾಹಕರ ಸಂಖ್ಯೆಯಲ್ಲ.

ಒಂದೇ ಪ್ರಶ್ನೆ, ಎರಡು ಉತ್ತರ

ಪುಣೆಯಲ್ಲೋ ಮುಂಬೈಯಲ್ಲೋ ಸಣ್ಣ ಹೋಟೆಲುಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡಿದವರನ್ನು ಊಹಿಸಿಕೊಳ್ಳಿ. ಹೋಟೆಲು ಮಾಲೀಕರ ಗುಂಪಿನಲ್ಲಿ ಒಬ್ಬರು ಹೀಗೆ ಕೇಳುತ್ತಾರೆ: “ಕೌಂಟರ್ ಬಿಲ್ ಬೇರೆ, ಸ್ವಿಗ್ಗಿ, ಜೊಮ್ಯಾಟೊ ಆರ್ಡರ್ ಬೇರೆ. ತಿಂಗಳ ಕೊನೆಗೆ ಜಿಎಸ್‌ಟಿ ಲೆಕ್ಕವೇ ತಾಳೆಯಾಗುವುದಿಲ್ಲ. ಏನು ಮಾಡುವುದು?”

ಮೊದಲ ಬಗೆಯ ಉತ್ತರ: “ಸರ್, ನಮ್ಮ ಆ್ಯಪ್ ಬಳಸಿ, ಎಲ್ಲ ಸಮಸ್ಯೆಗೂ ಒಂದೇ ಪರಿಹಾರ. ಇಂದೇ ಡೌನ್‌ಲೋಡ್ ಮಾಡಿ.” ಇದನ್ನು ಬರೆದವರನ್ನು ಗುಂಪಿನಿಂದ ತೆಗೆದುಹಾಕುವ ಸಾಧ್ಯತೆಯೇ ಹೆಚ್ಚು.

ಎರಡನೇ ಬಗೆಯ ಉತ್ತರ: “2022ರ ಜನವರಿ 1ರಿಂದ ಆ್ಯಪ್ ಮೂಲಕ ಹೋಗುವ ಊಟ, ತಿಂಡಿಯ ಜಿಎಸ್‌ಟಿಯನ್ನು ಆ್ಯಪ್ ಕಂಪನಿಯೇ ಕಟ್ಟುತ್ತದೆ. ಅದನ್ನು ನಿಮ್ಮ ಕೌಂಟರ್ ಮಾರಾಟದ ಜತೆ ಸೇರಿಸಿದರೆ ತೆರಿಗೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ದಿನದ ಪುಸ್ತಕದಲ್ಲಿ ಎರಡು ಕಾಲಂ ಮಾಡಿ. ಸಾಮಾನ್ಯ ಜಿಎಸ್‌ಟಿ ನೋಂದಣಿ ಇದ್ದರೆ, ಜಿಎಸ್‌ಟಿಆರ್ 3ಬಿಯಲ್ಲಿ ಆ್ಯಪ್ ಆರ್ಡರ್ ತೋರಿಸಲು 3.1.1 ಎಂಬ ಬೇರೆ ಪಟ್ಟಿಯೇ ಇದೆ. ಆ್ಯಪ್‌ನಿಂದ ಬರುವ ಹಣದಲ್ಲಿ ಕಮಿಷನ್ ಕಡಿತವಾಗಿರುತ್ತದೆ, ಆದ್ದರಿಂದ ಬ್ಯಾಂಕಿಗೆ ಬಂದ ಮೊತ್ತವನ್ನೇ ಮಾರಾಟ ಎಂದು ಬರೆಯಬೇಡಿ. ಒಮ್ಮೆ ನಿಮ್ಮ ಆಡಿಟರ್ ಅವರನ್ನೂ ಕೇಳಿ. ನಾನು ಹೋಟೆಲು ಬಿಲ್ಲಿಂಗ್ ಆ್ಯಪ್ ಮಾಡುತ್ತೇನೆ, ಆದರೆ ಇಷ್ಟಕ್ಕೆ ಆ್ಯಪ್ ಬೇಕಿಲ್ಲ, ನೋಟ್‌ಬುಕ್ಕಿನಲ್ಲೂ ಆಗುತ್ತದೆ.”

ಎರಡನೇ ಉತ್ತರದಲ್ಲಿ ಲಿಂಕ್ ಇಲ್ಲ, ಒತ್ತಾಯವಿಲ್ಲ. ಪ್ರಶ್ನೆ ಕೇಳಿದವರಿಗೆ ಅಂದೇ ಉಪಯೋಗವಾಯಿತು. ಅದೇ ತೊಂದರೆ ಇರುವ ಇನ್ನೂ ಹಲವರು ಗುಂಪಿನಲ್ಲಿ ಅದನ್ನು ಓದಿದರು. ದಿನಕ್ಕೆ ನೂರಾರು ಬಿಲ್ ಮಾಡುವವರಿಗೆ ನೋಟ್‌ಬುಕ್ ಸಾಲದಾದಾಗ ಯಾರನ್ನು ಕೇಳಬೇಕೆಂಬುದು ಈಗ ಗೊತ್ತಿದೆ.

ಮಾತು ಮುಗಿದ ಮೇಲೆ

ಆಸಕ್ತಿ ತೋರಿದವರನ್ನು ಮುಂದಕ್ಕೆ ಕರೆದೊಯ್ಯುವುದೂ ಸ್ಥಾಪಕರದೇ ಕೆಲಸ. ಅಮೆರಿಕದ ವೈ ಕಾಂಬಿನೇಟರ್ ಸಂಸ್ಥೆಯ ಸಹಸ್ಥಾಪಕ ಪಾಲ್ ಗ್ರಹಾಂ 2013ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದನ್ನು ವಿವರವಾಗಿ ಹೇಳಿದ್ದಾರೆ. ಪಾವತಿ ಸೇವೆಯ ಸ್ಟ್ರೈಪ್ ಕಂಪನಿಯ ಕಾಲಿಸನ್ ಸಹೋದರರು, ಬಳಸಿ ನೋಡುತ್ತೇನೆ ಎಂದವರಿಗೆ ಲಿಂಕ್ ಕಳುಹಿಸಿ ಸುಮ್ಮನಾಗುತ್ತಿರಲಿಲ್ಲ. ಲ್ಯಾಪ್‌ಟಾಪ್ ಕೊಡಿ ಎಂದು ಕೇಳಿ ಅಲ್ಲೇ ಅಳವಡಿಸಿಕೊಡುತ್ತಿದ್ದರು. ಏರ್‌ಬಿಎನ್‌ಬಿ ಸ್ಥಾಪಕರು ನ್ಯೂಯಾರ್ಕ್‌ನಲ್ಲಿ ಮನೆ ಮನೆಗೆ ಹೋಗಿ, ಮನೆ ಬಾಡಿಗೆಗೆ ಕೊಡುವವರನ್ನು ಸೇರಿಸಿಕೊಂಡರು.

ಇವೆಲ್ಲ ಲಕ್ಷ ಗ್ರಾಹಕರಿಗೆ ಮಾಡಲಾಗದ ಕೆಲಸಗಳು. ಮೊದಲ ಐವತ್ತೋ ನೂರೋ ಗ್ರಾಹಕರಿಗೆ ಮಾತ್ರ ಮಾಡಲು ಸಾಧ್ಯ. ಆ ಹಂತದಲ್ಲಿ ಕಲಿತದ್ದು ನಂತರ ಎಷ್ಟು ಹಣ ಕೊಟ್ಟರೂ ಸಿಗುವುದಿಲ್ಲ.

ಕಾನೂನು ಏನು ಹೇಳುತ್ತದೆ?

ನಕಲಿ ಖಾತೆ ತೆರೆದು, ಗ್ರಾಹಕರ ಸೋಗಿನಲ್ಲಿ ತಮ್ಮದೇ ಉತ್ಪನ್ನವನ್ನು ಹೊಗಳುವ ಅಭ್ಯಾಸ ಹಲವೆಡೆ ಇದೆ. ಭಾರತದಲ್ಲಿ ಇದು ಬರೀ ಶಿಷ್ಟಾಚಾರದ ಪ್ರಶ್ನೆಯಾಗಿ ಉಳಿದಿಲ್ಲ.

* ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಉತ್ಪನ್ನವನ್ನು ಅನುಮೋದಿಸುವವರಿಗೆ ಕಂಪನಿಯೊಂದಿಗೆ ಮಹತ್ವದ ಸಂಬಂಧವಿದ್ದರೆ ಅದನ್ನು ಬಹಿರಂಗಪಡಿಸಬೇಕು.

* 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಪ್ರಾಧಿಕಾರಕ್ಕೆ ಅಧಿಕಾರವಿದೆ.

* 2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೊ ಆನ್‌ಲೈನ್ ಗ್ರಾಹಕ ವಿಮರ್ಶೆಗಳಿಗಾಗಿ ಐಎಸ್ 19000:2022 ಎಂಬ ಮಾನದಂಡ ತಂದಿತು.

* 2023ರ ನವೆಂಬರ್ 30ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ 13 ಬಗೆಯ ಮೋಸದ ವಿಧಾನಗಳನ್ನು ಪಟ್ಟಿ ಮಾಡಿದೆ. ಬಳಕೆದಾರರ ಬರಹದಂತೆಯೋ ಸುದ್ದಿಯಂತೆಯೋ ಕಾಣುವ ಮಾರುವೇಷದ ಜಾಹೀರಾತು ಅದರಲ್ಲಿ ಒಂದು.

ಇನ್ನೊಂದು ಎಚ್ಚರಿಕೆ ವಾಟ್ಸ್‌ಆ್ಯಪ್ ಗುಂಪುಗಳದು. ಗುಂಪಿನಲ್ಲಿ ಕಾಣುವ ಫೋನ್ ನಂಬರ್‌ಗಳನ್ನು ಬರೆದುಕೊಂಡು ಒಬ್ಬೊಬ್ಬರಿಗೂ ಪ್ರಚಾರ ಸಂದೇಶ ಕಳುಹಿಸುವುದು ನಂಬಿಕೆ ಕಳೆದುಕೊಳ್ಳುವ ಸುಲಭದ ದಾರಿ. ಮಾತಾಡುವುದಿದ್ದರೆ ಗುಂಪಿನಲ್ಲೇ ಮಾತಾಡಿ, ಎದುರಿನವರು ಕೇಳಿದ ಮೇಲಷ್ಟೇ ಖಾಸಗಿಯಾಗಿ ಬರೆಯಬೇಕು.

ಇದರ ಮಿತಿಗಳು

ಈ ದಾರಿ ಎಲ್ಲ ಉದ್ಯಮಕ್ಕೂ ಹೊಂದುವುದಿಲ್ಲ. ಆನ್‌ಲೈನ್‌ನಲ್ಲಿ ಪ್ರಶ್ನೆ ಕೇಳುವ ರೂಢಿಯಿಲ್ಲದ ರೈತರು, ಗೂಡಂಗಡಿಯವರು, ಹಿರಿಯ ನಾಗರಿಕರಿಗೆ ಸೇವೆ ಕೊಡುವವರು ಮಂಡಿ, ಮಾರುಕಟ್ಟೆ, ಬಡಾವಣೆಗಳಿಗೇ ಹೋಗಬೇಕು. ಚರ್ಚೆಯಲ್ಲಿ ಹೆಚ್ಚು ಬರೆಯುವವರ ಬೇಡಿಕೆಯೇ ಎಲ್ಲರ ಬೇಡಿಕೆ ಎಂದು ನಂಬಿದರೂ ಲೆಕ್ಕ ತಪ್ಪುತ್ತದೆ. ಉಚಿತವಾಗಿ ಕೊಟ್ಟರೆ ಹೊಗಳುವವರು ಬಹಳ, ಹಣ ಕೇಳಿದಾಗ ಉಳಿಯುವವರು ಯಾರು ಎಂಬುದೇ ನಿಜವಾದ ಪರೀಕ್ಷೆ.

ಸಮಯದ ವೆಚ್ಚವೂ ಇದೆ. ದಿನಕ್ಕೆ ಮೂರು ಒಳ್ಳೆಯ ಉತ್ತರಗಳಂತೆ ವಾರಕ್ಕೆ ಐದು ದಿನ ಬರೆದರೆ ಮೂರು ತಿಂಗಳಿಗೆ ಸುಮಾರು 200 ಉತ್ತರಗಳಾಗುತ್ತವೆ. ಅಷ್ಟಾದ ಮೇಲೂ ಒಬ್ಬರೂ ಬಳಸಿ ನೋಡಲಿಲ್ಲವೆಂದರೆ ಬದಲಿಸಬೇಕಾದದ್ದು ಉತ್ತರದ ಧಾಟಿಯನ್ನೋ, ಗುಂಪನ್ನೋ ಅಥವಾ ಉತ್ಪನ್ನವನ್ನೇ ಇರಬಹುದು.

ಈ ಶ್ರಮ ಉಳಿಸಲು ಕೃತಕ ಬುದ್ಧಿಮತ್ತೆಯಿಂದ ಉತ್ತರ ಬರೆಸಿ ಹಾಕುವ ಪರಿಪಾಠ ಈಗ ಬೆಳೆದಿದೆ. ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂದ ಕೆಲವೇ ದಿನಗಳಲ್ಲಿ, ಡಿಸೆಂಬರ್‌ನಲ್ಲೇ, ಸ್ಟ್ಯಾಕ್ ಓವರ್‌ಫ್ಲೋ ಅಂಥ ಉತ್ತರಗಳನ್ನು ನಿಷೇಧಿಸಿತು. ನೋಡಲು ಸರಿಯಾಗಿ ಕಾಣುವ, ಆದರೆ ತಪ್ಪಾದ ಉತ್ತರಗಳು ತಾಣವನ್ನು ತುಂಬತೊಡಗಿದ್ದೇ ಕಾರಣ. ಯಂತ್ರ ಬರೆದ ಉತ್ತರದಿಂದ ಲಿಂಕ್ ಹಾಕಬಹುದು, ಆದರೆ ಗ್ರಾಹಕರ ಕಷ್ಟವನ್ನು ತಾನೇ ಓದಿ ಅರ್ಥ ಮಾಡಿಕೊಳ್ಳುವ ಲಾಭ ಸ್ಥಾಪಕರಿಗೆ ಸಿಗುವುದಿಲ್ಲ.

ಕೈಯಲ್ಲಿ ಹಣ ಕಡಿಮೆ ಇದ್ದು ಉತ್ಪನ್ನ ಇನ್ನೂ ಹೊಸದಾಗಿರುವ ಉದ್ಯಮಕ್ಕೆ ಮೊದಲ ಹೆಜ್ಜೆ ಸರಳವಾಗಿದೆ. ತಾವು ಬಗೆಹರಿಸಲು ಹೊರಟಿರುವ ತೊಂದರೆಯ ಬಗ್ಗೆ ಜನ ಕೇಳಿರುವ ಇಪ್ಪತ್ತು ಪ್ರಶ್ನೆಗಳನ್ನು ಈ ವಾರ ಹುಡುಕಿ ಬರೆದಿಟ್ಟುಕೊಳ್ಳಬಹುದು. ಇಪ್ಪತ್ತು ಸಿಕ್ಕರೆ ಉತ್ತರ ಬರೆಯಲು ಶುರು ಮಾಡಬಹುದು. ಎಷ್ಟು ಹುಡುಕಿದರೂ ಆನ್‌ಲೈನ್‌ನಲ್ಲಾಗಲಿ ಮಾರುಕಟ್ಟೆಯಲ್ಲಾಗಲಿ ಯಾರೂ ಆ ತೊಂದರೆಯ ಮಾತೆತ್ತದಿದ್ದರೆ, ಅದನ್ನು ಉಳಿತಾಯ ಕರಗುವ ಮುನ್ನವೇ ತಿಳಿದುಕೊಂಡಂತಾಗುತ್ತದೆ.